ಭಾವನ ಬದನೆ ಮತ್ತು ನನ್ನ ನೀಲಿ

ಸಂಬಂಧಿಕರ ಮಣ್ಣನ್ನು ಯಾರೂ ಪರೀಕ್ಷೆ ಮಾಡಬಾರದು. ಅಪರಿಚಿತರದ್ದಾದರೆ ನಮ್ಮ ತಪ್ಪು ಕಾಗದದಲ್ಲೇ ಉಳಿಯುತ್ತದೆ. ಸಂಬಂಧಿಕರದ್ದಾದರೆ ಊಟದೆಲೆಯವರೆಗೂ ಬರುತ್ತದೆ. ಮದರಾಸಿನ ಮಣ್ಣು ಪರೀಕ್ಷೆಯ ಕಚೇರಿಯೊಂದರಲ್ಲಿ ನಾನು ರಂಜಕ ಅಳೆಯುವವನು. ಮಣ್ಣಿಗೆ ಪ್ರಬಲ ಆಮ್ಲ ಹುಯ್ದು, ಕುಲುಕಿ, ಸೋಸಿ, ಬಂದ ತಿಳಿಗೆ ಇನ್ನೆರಡು ದ್ರಾವಣ ಸೇರಿಸಿದರೆ ನೀಲಿ ಏರುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಹನ್ನೆರಡು ವರ್ಷ ಇದನ್ನೇ ನೋಡಿ ನೋಡಿ ನನಗೆ ಸೊಕ್ಕು ಬಂದಿತ್ತು. ವೆಸ್ಟ್ ಮಾಂಬಲಂನ ಮನೆಯಲ್ಲಿ ಹೆಂಡತಿ ಪಂಚೆಗೆ ನೀಲಿ ಹಾಕುವಾಗಲೂ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. "ಇದು ನಿಮ್ಮ ಆಫೀಸಲ್ಲ, ಆಚೆ ಹೋಗಿ" ಎನ್ನುತ್ತಿದ್ದಳು.

ನಮ್ಮ ಅಕ್ಕನ ಗಂಡ ಉಡುಪಿ ಕಡೆಯವರು, ರಾಯಪುರಂನಲ್ಲಿ ಹೋಟೆಲು. ಸಾಂಬಾರಿಗೆ ಸ್ವಂತ ಬದನೆಕಾಯಿ ಇರಲಿ ಎಂದು, ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು, ಊರಾಚೆ ಸುಣ್ಣಕಲ್ಲಿನ ಒಂದು ತುಂಡು ಜಮೀನು ಕೊಂಡರು. ಅದರ ಮಣ್ಣನ್ನು ಪಾರ್ಸೆಲ್ ಇಡ್ಲಿಯ ಹಾಗೆ ಬಾಳೆಲೆಯಲ್ಲಿ ಕಟ್ಟಿ ನನಗೆ ತಂದುಕೊಟ್ಟರು. ಪಕ್ಕದ ಮೇಜಿನ ಸಹೋದ್ಯೋಗಿ, ಸುಣ್ಣದ ಮಣ್ಣಿಗೆ ಆಮ್ಲ ಸಲ್ಲದು, ಸೋಡಾ ದ್ರಾವಣ ಹಾಕಿ ನೋಡಿ ಎಂದ. ನಾನು ಕೇಳುತ್ತೇನೆಯೇ? ಆಮ್ಲವನ್ನೇ ಹುಯ್ದೆ. ಎಂಥ ನೀಲಿ! "ರಂಜಕ ಧಾರಾಳವಾಗಿದೆ, ಸೂಪರ್‌ಫಾಸ್ಫೇಟ್ ಗೊಬ್ಬರ ಬೇಡ" ಎಂದು ಕಾರ್ಡು ಬರೆದುಕೊಟ್ಟೆ. ಭಾವ ಅದಕ್ಕೆ ಕಟ್ಟು ಹಾಕಿಸಿ, ಹೋಟೆಲಿನ ಗಲ್ಲಾದ ಮೇಲೆ ದೇವರ ಪಟದ ಪಕ್ಕ ತೂಗುಹಾಕಿ, ಕುಂಕುಮ ಹಚ್ಚಿದರು.

ಮೂರು ತಿಂಗಳಾದರೂ ಗಿಡ ಮೊಣಕಾಲು ಮುಟ್ಟಲಿಲ್ಲ. ಕಾಯಿಗೆ ಬರಬೇಕಾದ ನೇರಳೆ ಬಣ್ಣ ಎಲೆಗೆ ಬಂದಿತ್ತು. ಭಾವ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ, "ಅಲ್ಲ ಮಾರಾಯ, ನಿನ್ನ ಬಾಟ್ಲಿಗೆ ಸಿಕ್ಕಿದ್ದು ನನ್ನ ಗಿಡಕ್ಕೆ ಯಾಕೆ ಸಿಗ್ಲಿಲ್ಲ?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು, ಅದೇ ಸಂಕಟ. ಸುಣ್ಣ ಬಿಗಿಹಿಡಿದಿದ್ದ ರಂಜಕವನ್ನು ನನ್ನ ಆಮ್ಲ ಕರಗಿಸಿ ಹೊರಗೆಳೆದಿತ್ತು. ಬದನೆಯ ಬೇರಿಗೆ, ಪಾಪ, ಅಂಥ ಆಮ್ಲ ಎಲ್ಲಿಂದ ಬರಬೇಕು? ಇಂಥ ನೆಲಕ್ಕೆ ಇನ್ನೆಷ್ಟು ಜನರಿಗೆ ಇದೇ ಕಾರ್ಡು ಬರೆದಿದ್ದೆನೋ! ಹನ್ನೆರಡು ವರ್ಷ ನೀರುಪಾಲಾದಂತೆ ಅನ್ನಿಸಿ ಅಳುವೇ ಬಂತು.

ಬಾವಿಯ ಪಕ್ಕ ಎರಡು ಸಾಲು ಮಾತ್ರ ಸೊಂಪಾಗಿ ಬೆಳೆದು ಕಾಯಿ ತೂಗುತ್ತಿದ್ದವು. ಹೋದ ಜೀವ ಬಂದಂತಾಗಿ, ತೋಟ ನೋಡಿಕೊಳ್ಳುವ ಮುದುಕ ಮುನುಸ್ವಾಮಿಯನ್ನು ಕರೆದು ಕೇಳಿದೆ. ಹಳೆಯ ಒಡೆಯರು ಬಿಟ್ಟುಹೋಗಿದ್ದ ಸೂಪರ್‌ಫಾಸ್ಫೇಟ್ ಮೂಟೆ ಬಿಚ್ಚಿ ಆ ಸಾಲುಗಳಿಗೆ ಹಾಕಿದ್ದನಂತೆ. ಅಷ್ಟರಲ್ಲಿ ಭಾವ ಬಂದು, ಕಾರ್ಡಿನ ಮಾತೆತ್ತಿ ಬೈದು, ಮೂಟೆ ಕಸಿದುಕೊಂಡರಂತೆ.

"ಬೇಡ ಅಂತ ಕಾರ್ಡಿನಲ್ಲಿ ಬರೆದಿತ್ತಲ್ಲಪ್ಪ?" ಎಂದೆ ನನ್ನ ಹರಕು ತಮಿಳಿನಲ್ಲಿ.

"ಎನಕ್ಕು ಪಡಿಕ್ಕ ತೆರಿಯಾದು, ಸಾರ್" ಎಂದ. ಓದು ಬಾರದ್ದಕ್ಕೆ ನಾಚಿ, ತಪ್ಪಾಯಿತೆಂದು ನನಗೇ ಕೈಮುಗಿದು ನಿಂತ.

ಭಾವ ನೋಡುತ್ತಿದ್ದರು. ನಾನೇನು ಮಾಡಲಿ? ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿಬಿಟ್ಟೆ.