ವಿಮಲಳ ಪಾಠದ ಕ್ಯಾಸೆಟ್ಟು

ಒಂದೇ ಕಡೆ ಅಲುಗಾಡದೆ ಕೂತು ಓದಿದರೆ ಮಾತ್ರ ವಿದ್ಯೆ ತಲೆಗೆ ಹತ್ತುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆ ಓದಿ ನಾನೇನೂ ಪಂಡಿತನಾಗಲಿಲ್ಲ. ಇಡೀ ದಿನ ಅಲುಗಾಡದೆ ಕೂರುವ ಗುಮಾಸ್ತನಾದೆ, ಅಷ್ಟೆ. ಆದರೆ ಮಕ್ಕಳಿಗೆ ಉಪದೇಶ ಮಾಡಲು ಅಷ್ಟು ಅರ್ಹತೆ ಧಾರಾಳವಾಯಿತು.

ಎಂಬತ್ತರ ದಶಕದಲ್ಲಿ ನಾವು ವಿಜಯನಗರದಲ್ಲಿದ್ದೆವು. ಮಗಳು ವಿಮಲ ಎಸ್ಸೆಸ್ಸೆಲ್ಸಿ. ಪುಸ್ತಕ ತೆರೆದ ಐದೇ ನಿಮಿಷಕ್ಕೆ ಅವಳಿಗೆ ಬಾಯಾರುತ್ತಿತ್ತು. ನೀರಿಗೆ ಹೋದವಳು ಕಿಟಕಿಯಲ್ಲಿ ಗುಬ್ಬಚ್ಚಿ ಕಂಡು ಅದರ ಹಿಂದೆ ತಾರಸಿ ಹತ್ತುತ್ತಿದ್ದಳು. ಅಲ್ಲಿ ಒಣಹಾಕಿದ್ದ ಹಪ್ಪಳವನ್ನೆಲ್ಲ ತಿರುವಿಹಾಕಿ ಇಳಿದು ಬರುವಷ್ಟರಲ್ಲಿ ತೆರೆದದ್ದು ಯಾವ ಪುಸ್ತಕವೆಂಬುದೇ ಮರೆತಿರುತ್ತಿತ್ತು. ಇದಕ್ಕೆ ಈಗ ಡಾಕ್ಟರುಗಳು ಎಡಿಎಚ್‌ಡಿ ಎನ್ನುತ್ತಾರೆ. ಆಗ ನನಗೆ ಗೊತ್ತಿದ್ದ ಹೆಸರು ಸೋಮಾರಿತನ, ಗೊತ್ತಿದ್ದ ಔಷಧಿ ಬೈಗುಳ. ಎರಡು ಹೊತ್ತೂ ತಪ್ಪದೆ ಕೊಟ್ಟೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ನಾಲ್ಕು ವಿಷಯಗಳಲ್ಲಿ ಫೇಲಾದಳು.

ಅಂಕಪಟ್ಟಿ ನನ್ನ ಕೈಗಿಟ್ಟು, "ಅಪ್ಪ, ಬೇಕೂಂತ ಮಾಡ್ತಿಲ್ಲ. ಅಕ್ಷರ ನೋಡ್ತಾ ನೋಡ್ತಾ ತಲೆ ಎಲ್ಲೋ ಹೊರಟೋಗತ್ತೆ. ಕರೆದ್ರೂ ಬರಲ್ಲ" ಎಂದಳು. ಆ ಹೊತ್ತಿನ ಬೈಗುಳ ಬಿಟ್ಟು ಅಂಕಪಟ್ಟಿಗೆ ಸಹಿ ಹಾಕಿದೆ.

ಮರುದಿನ ಅವಳ ಕ್ಲಾಸ್ ಟೀಚರ್ ನಾಗರತ್ನಮ್ಮನವರ ಮುಂದೆ ಹೋಗಿ ನಿಂತೆ. ಅವರು ಬೈಯಲಿಲ್ಲ. "ನೋಡಿ ಸಾರ್, ಕಿವಿಗೆ ಬಿದ್ದದ್ದನ್ನ ಇವಳು ಮರೆಯಲ್ಲ. ಕೂತ್ಕೊಂಡು ಓದು ಅಂದ್ರೆ ಮಾತ್ರ ಆಗಲ್ಲ. ಮನೇಲಿ ಟೇಪ್ ರೆಕಾರ್ಡರ್ ಇದ್ಯಾ? ಪಾಠ ತುಂಬಿಸ್ಕೊಡಿ. ಓಡಾಡ್ಕೊಂಡೇ ಕೇಳ್ಲಿ" ಎಂದರು.

ಇತ್ತು. ಭಾನುವಾರ ವೀಣಾವಾದನ ಕೇಳುವುದಕ್ಕೆಂದು ನಾನು ಆಸೆಪಟ್ಟು ತಂದದ್ದು. ಎದೆ ಕಲ್ಲು ಮಾಡಿಕೊಂಡು ಮೂರು ಕ್ಯಾಸೆಟ್ಟುಗಳ ವೀಣೆಯ ಮೇಲೆ ಸಮಾಜ, ವಿಜ್ಞಾನ, ಕನ್ನಡಗಳನ್ನು ಓದಿ ತುಂಬಿಸಿದೆ. ರೇಡಿಯೋ ವಾರ್ತೆಯವರಂತೆ ಗಂಭೀರವಾಗಿ ಓದಿದೆ. ಹೆಂಡತಿ ಶಾರದ ಅಡುಗೆಮನೆಯಿಂದ ಇಣುಕಿ, "ಪಾಠ ಓದ್ತಿದೀರೋ, ಯಾರೋ ಹೋಗಿಬಿಟ್ಟ ಸುದ್ದಿ ಹೇಳ್ತಿದೀರೋ?" ಎಂದಳು. ನಾನು ಲಕ್ಷ್ಯ ಕೊಡಲಿಲ್ಲ.

ಅಂದಿನಿಂದ ವಿಮಲ ಆ ಭಾರದ ಪೆಟ್ಟಿಗೆಯನ್ನು ಬಿಂದಿಗೆಯಂತೆ ಸೊಂಟಕ್ಕಿಟ್ಟುಕೊಂಡು ತಾರಸಿಯಲ್ಲಿ ಸುತ್ತತೊಡಗಿದಳು. ಹತ್ತು ನಿಮಿಷ ಕೇಳುವುದು, ನಿಲ್ಲಿಸಿ ಗೊಣಗುವುದು, ಮತ್ತೆ ಸುತ್ತುವುದು. ಎರಡು ತಿಂಗಳಲ್ಲಿ ಅವಳ ಚಪ್ಪಲಿ ಸವೆಯಿತು, ಮನೆಯಲ್ಲಿ ಜಗಳ ನಿಂತಿತು. ಆದರೂ ಪರೀಕ್ಷೆಯ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ.

ಫಲಿತಾಂಶದ ದಿನ ಶಾಲೆಯ ಬೋರ್ಡಿನಲ್ಲಿ ಅವಳ ನಂಬರನ್ನು ಮೂರು ಸಲ ಓದಿದೆ. ಪಕ್ಕದಲ್ಲಿದ್ದವರೊಬ್ಬರಿಂದಲೂ ಓದಿಸಿದೆ. ಪಾಸು, ಅದೂ ಸೆಕೆಂಡ್ ಕ್ಲಾಸಿನಲ್ಲಿ! ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ವಿಮಲ ನನ್ನ ಕೈ ಹಿಡಿದು, "ಏಳಿ ಅಪ್ಪ, ಮನೆಗೆ ಹೋಗೋಣ" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದನ್ನು ಕಂಡೆ.

ಸಂಜೆ ಎದುರುಮನೆಯ ಕಮಲಮ್ಮ ಬಂದರು. "ಸಾರ್, ನೀವು ಓದಿರೋ ಕ್ಯಾಸೆಟ್ ನಮ್ಮ ಹುಡುಗೀಗೂ ಕೊಡ್ತೀರಾ?" ಎಂದರು. ನಾನು ಉಬ್ಬಿಹೋದೆ. ಉಚ್ಚಾರ ಎಷ್ಟು ಮುಖ್ಯವೆಂದು ಸಣ್ಣ ಭಾಷಣವನ್ನೇ ಮಾಡಿ, ಮಾದರಿಗೆಂದು ಕ್ಯಾಸೆಟ್ ಹಾಕಿದೆ. ಕೇಳಿಸಿದ್ದು ವಿಮಲಳ ಧ್ವನಿ! ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿ, ತಪ್ಪಿದರೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

"ನಿಮಗೆ ಬೇಜಾರಾಗತ್ತೇಂತ ಹೇಳಿರ್ಲಿಲ್ಲ ಅಪ್ಪ" ಎಂದು ವಿಮಲ ಮೆಲ್ಲಗೆ ಹೇಳಿದಳು. "ನೀವು ಓದಿದ್ದು ಕೇಳ್ತಿದ್ರೆ ನಡೀತಾ ನಡೀತಾನೇ ನಿದ್ದೆ ಬರೋದು. ಅಳಿಸಿ ನಾನೇ ಹೇಳ್ಕೊಂಡೆ. ಹೇಳೋವಾಗ್ಲೇ ಅರ್ಧ ಬಂದ್ಬಿಡ್ತು."

ಬೇಜಾರೇನೂ ಆಗಲಿಲ್ಲ. ಮಗಳು ಪಾಸಾದಳಲ್ಲ, ಯಾರ ಧ್ವನಿಯಾದರೇನು ಎಂದು ನಕ್ಕೆ. ಅಷ್ಟರಲ್ಲಿ ಅವಳು ಅಳಿಸಲು ಮರೆತಿದ್ದ ಕೊನೆಯ ತುಣುಕು ಬಂತು. ಕಮಲಮ್ಮನ ಎದುರೇ ಟೇಪಿನಿಂದ ನನ್ನ ಗಂಭೀರ ಕಂಠ ಸ್ಪಷ್ಟವಾಗಿ ಹೇಳಿತು: "ಶಾರದಾ, ಒಂದು ಲೋಟ ಕಾಫಿ ಕೊಡೇ. ಇದನ್ನ ಓದ್ತಾ ಇದ್ರೆ ನನಗೇ ತೂಕಡಿಕೆ ಬರ್ತಾ ಇದೆ."