ಮನೆ ಕಾವಲಿಗೆ ಹಂದಿ ಪೆಟ್ಟಿಗೆ

"ನಂಗೆ ತಿಳೀದಂಗೆ ನಮ್ಮನೆ ಹೊಸ್ಲು ದಾಟಿ ಒಂದು ಇರುವೆ ಒಳಕ್ಕೆ ಬರ್ಲಿ, ನನ್ನ ಹೆಸ್ರು ಧರ್ಮೇಂದ್ರನೇ ಅಲ್ಲ!"

ಅರಕೆರೆಯ ಧರ್ಮೇಂದ್ರ ಹೀಗೊಂದು ಘೋರ ಶಪಥ ಮಾಡಿದ್ದು ಭಾನುವಾರ ಮಧ್ಯಾಹ್ನ, ಮುದ್ದೆ ಮುರಿಯುತ್ತಾ. ಎದುರಿಗೆ ಕೂತಿದ್ದ ಹೆಂಡತಿ ರಂಜಿತ, ತಟ್ಟೆಯ ಪಕ್ಕದಲ್ಲೇ ಸಾಲುಗಟ್ಟಿ ಹೊರಟಿದ್ದ ಇರುವೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಸಾರು ಬಡಿಸಿದಳು.

ಶಪಥಕ್ಕೆ ಕಾರಣವಿತ್ತು. ಹಿಂದಿನ ವಾರ ಪಕ್ಕದ ಬೀದಿಯ ಚಿಕ್ಕಬೋರಮ್ಮನ ಹಿತ್ತಲಿಗೆ ನುಗ್ಗಿದ ಕಳ್ಳ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನೇ ಎತ್ತಿಕೊಂಡು ಹೋಗಿದ್ದ. ನೀರು ಚೆಲ್ಲಿ, ಬೂದಿಯನ್ನು ಮಾತ್ರ ಮನೆಯವರಿಗೆ ಬಿಟ್ಟಿದ್ದ! ಅವತ್ತಿನಿಂದ ಮೂರೂವರೆ ವರ್ಷದ ಮಗಳು ಸಂಘಮಿತ್ರಾ ಮಲಗುವ ಹೊತ್ತಿಗೆ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಪ್ಪಾ, ಕಳ್ಳ ನನ್ನೂ ಎತ್ಕೊಂಡೋಯ್ತಾನಾ?"

ಅದನ್ನು ಕೇಳಿದಾಗಲೆಲ್ಲ ಧರ್ಮೇಂದ್ರ ಎದ್ದು ಹೋಗಿ ಮುಂಬಾಗಿಲನ್ನು ಇನ್ನೊಮ್ಮೆ ಎಳೆದು ನೋಡಿ ಬರುತ್ತಿದ್ದ. ರಾತ್ರಿ ಮಗಳ ಪಕ್ಕದಲ್ಲಿ ಮಲಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಅವನ ಒಂದೂವರೆ ಎಕರೆ ಕಬ್ಬಿನ ಹೊಲ ಇರುವುದು ನಾಲೆ ನೀರು ಹತ್ತದ ದಿಣ್ಣೆಯ ಮೇಲೆ. ಅಲ್ಲಿ ಬೋರ್‌ವೆಲ್ಲೇ ಗತಿ, ಬೋರ್‌ವೆಲ್ಲಿಗೆ ಈ ವಾರ ಕರೆಂಟು ಕೊಡುವುದು ರಾತ್ರಿ ಹತ್ತರ ಮೇಲೆ. ಹೆಂಡತಿ ಮಗಳನ್ನು ಬಿಟ್ಟು ಅವನು ಹೊಲಕ್ಕೆ ಹೋಗಲೇಬೇಕಾಗಿತ್ತು.

ಆದರೆ ಹೊಲ ಕಾಯುವವನಿಗೆ ಮನೆ ಕಾಯುವುದು ಯಾವ ಮಹಾ ಕೆಲಸ? ಧರ್ಮೇಂದ್ರ ಸಂಜೆಯೊಳಗೆ ಎರಡು ಹೊರೆ ಜಾಲಿ ಮುಳ್ಳು ಕಡಿದು ತಂದು ಕಾಂಪೌಂಡಿನ ಉದ್ದಕ್ಕೂ ಹರಡಿದ. ಗೇಟಿನ ಬುಡಕ್ಕೂ ಒಂದಷ್ಟು ಸುರಿದ. ತೆಂಗಿನಕಾಯಿ ಗಾತ್ರದ ಬೀಗ ತಂದು ಗೇಟಿಗೆ ತಗುಲಿಸಿದ. ಇಷ್ಟಾದ ಮೇಲೆ ಬ್ರಹ್ಮಾಸ್ತ್ರವನ್ನು ಹೊರಗೆ ತೆಗೆದ. ಅದೇ ಹಂದಿ ಪೆಟ್ಟಿಗೆ!

ಕಬ್ಬಿಗೆ ಬರುವ ಕಾಡುಹಂದಿಗಳನ್ನು ಬೆದರಿಸಲು ಶ್ರೀರಂಗಪಟ್ಟಣದ ರಿಪೇರಿ ಅಂಗಡಿಯ ರಹಮತುಲ್ಲಾ ಕಟ್ಟಿಕೊಟ್ಟಿದ್ದ ಪೆಟ್ಟಿಗೆ ಅದು. ಎದುರಿಗೆ ಏನಾದರೂ ಅಲುಗಾಡಿದರೆ ಸಾಕು, ಫಳ್ಳನೆ ದೀಪ ಹತ್ತಿ, ಒಳಗೆ ತುಂಬಿಟ್ಟಿದ್ದ ಧರ್ಮೇಂದ್ರನ ಸ್ವಂತ ಧ್ವನಿ ಮೈಕಿನಲ್ಲಿ ಗುಡುಗುತ್ತಿತ್ತು: "ಏಯ್ ಹಂದೀ! ಬಂದ್ಯಾ? ಯಾರಪ್ಪನ ಮನೆ ಕಬ್ಬು ಅಂದ್ಕಂಡೆ? ಇವತ್ತು ನಿನ್ನ ಸೊಂಟ ಮುರೀದೆ ಬುಡಾಕಿಲ್ಲ! ಹೋಯ್! ಹೋಯ್!" ಈ ಧ್ವನಿಗೆ ಹೆದರಿ ಹಂದಿಗಳು ಬೆಳಗೊಳದ ಕಡೆಗೆ ವಲಸೆ ಹೋಗಿವೆಯೆಂದು ಅವನು ಟೀ ಅಂಗಡಿಯಲ್ಲಿ ಎಷ್ಟೋ ಸಲ ಎದೆ ತಟ್ಟಿಕೊಂಡು ಹೇಳಿದ್ದುಂಟು.

ಪೆಟ್ಟಿಗೆಯನ್ನು ಗೇಟಿಗೆ ಎದುರಾಗಿ ಕಿಟಕಿಗೆ ಕಟ್ಟುತ್ತಿದ್ದಾಗ ರಂಜಿತ ಕೇಳಿದಳು. "ಅದು ಹೊಲ್ದಲ್ಲಿ ಇರ್ಬೇಕಾದ್ದಲ್ವಾ? ಅಲ್ಲಿ ಹಂದಿ ಬಂದ್ರೆ?"

"ಅಲ್ಲಿ ಸಾಕ್ಷಾತ್ ನಾನೇ ಇರ್ತೀನಲ್ಲೇ! ನಾನು ಹೊಲ್ದಲ್ಲಿ, ನನ್ನ ದನಿ ಮನೇಲಿ. ಎರಡೂ ಕಡೆ ಒಬ್ನೇ ಗಂಡ್ಸು!"

"ಕಳ್ಳನ್ನ ಹಂದಿ ಅಂದ್ರೆ ಓಡೋಯ್ತಾನಾ?"

"ಮತ್ತೆ ಅವನ್ನ ಸ್ವಾಮೀ, ಬುದ್ದೀ ಅಂತ ಕರೀಬೇಕಾ?"

"ಇದೆಲ್ಲ ಇರ್ಲಿ. ಹಿಂದ್ಲು ಬಾಗ್ಲಿಗೆ ಒಂದು ಚಿಲ್ಕ ಹಾಕ್ಸಿ. ಆರು ತಿಂಗ್ಳಿಂದ ಗೊಬ್ರದ ಚೀಲದ ದಾರ ಕಟ್ಕಂಡು ಸಾಯ್ತಿವ್ನಿ."

ಆ ಚಿಲಕ ಮುರಿದ ಕೀರ್ತಿಯೂ ಧರ್ಮೇಂದ್ರನದೇ. ಅಕ್ಕಿ ಮೂಟೆ ಹೊತ್ತು ಬಂದವನು, ಒಳಗಿನಿಂದ ಚಿಲಕ ತೆಗೆಯುವವರೆಗೂ ಕಾಯುವ ತಾಳ್ಮೆಯಿಲ್ಲದೆ ಬಾಗಿಲಿಗೆ ಭುಜ ಕೊಟ್ಟಿದ್ದ.

"ಹಿಂದ್ಗಡೆ ತಿಪ್ಪೆ ಐತಲ್ಲೇ! ಮೊಣಕಾಲುದ್ದ ಸಗಣೀಲಿ ಇಳ್ಕಂಡು ಯಾವ ಮಾನವಂತ ಕಳ್ಳ ಬತ್ತಾನೆ?" ಎಂದು ಅವನು ಆ ಮಾತನ್ನು ಅಲ್ಲಿಗೇ ಮುಗಿಸಿದ.

ರಾತ್ರಿ ಒಂಬತ್ತೂವರೆಗೆ ಹೊರಡುವಾಗ ಕೊನೆಯ ಅಪ್ಪಣೆಯೂ ಆಯಿತು. "ಯಾರು ಕರೆದ್ರೂ ಬಾಗ್ಲು ತೆಗೀಬ್ಯಾಡ. ನನ್ನ ದನೀಲಿ ಕರೆದ್ರೂ ತೆಗೀಬ್ಯಾಡ! ಈಗಿನ ಕಳ್ರು ಮೊಬೈಲಲ್ಲಿ ಯಾರ ದನಿ ಬೇಕಾದ್ರೂ ಮಾಡ್ತಾವ್ರೆ. ನಾನು ಬರೋದು ಬೆಳಿಗ್ಗೆ ಆರಕ್ಕೆ. ಅದಕ್ಕೂ ಮುಂಚೆ ಬಂದೋನು ನಾನಲ್ಲ, ತಿಳೀತಾ?"

"ತಿಳೀತು ಬುಡಿ," ಎಂದಳು ರಂಜಿತ. ಗೇಟಿಗೆ ಒಳಗಿನಿಂದ ಬೀಗ ಹಾಕಿ, ಪೆಟ್ಟಿಗೆಯ ಸ್ವಿಚ್ಚು ಒತ್ತಿ, ಬಾಗಿಲು ಭದ್ರ ಮಾಡಿದಳು.

ಮೋಟರು ಹಾಕಿ ಧರ್ಮೇಂದ್ರ ಎರಡು ಸಾಲಿಗೆ ನೀರು ತಿರುಗಿಸಿದ್ದನೋ ಇಲ್ಲವೋ, ಕಬ್ಬಿನೊಳಗೆ ಲಟಲಟ ಸದ್ದಾಯಿತು. ಹಂದಿ! ಒಂದಲ್ಲ, ಇಡೀ ಸಂಸಾರ! ಸಾಕ್ಷಾತ್ ಧರ್ಮೇಂದ್ರ ಗಂಟಲು ಹರಿಯುವಂತೆ ಕೂಗಿದ. ದಿನಾ ಮೈಕಿನಲ್ಲಿ ಬೈಸಿಕೊಂಡು ರೂಢಿಯಾಗಿದ್ದ ಹಂದಿಗಳಿಗೆ ಅವನ ಬರಿಗಂಟಲು ಸೊಳ್ಳೆ ಗುಂಯ್ ಅಂದಷ್ಟೂ ಕೇಳಿಸಲಿಲ್ಲ. ಅವು ನಿಧಾನವಾಗಿ ಅಗಿಯುತ್ತಲೇ ಇದ್ದವು.

ಪೆಟ್ಟಿಗೆ ತರದೆ ಬೇರೆ ದಾರಿಯೇ ಇರಲಿಲ್ಲ. ಗಾಬರಿಯಲ್ಲಿ ಮೊಬೈಲನ್ನು ಮೋಟರು ಮನೆಯಲ್ಲೇ ಮರೆತು, ಬೈಕು ಹತ್ತಿ ಊರಿಗೆ ಹಾರಿದ. ಬಂದು ನೋಡಿದರೆ ಗೇಟಿಗೆ ಬೀಗ. ತಾನೇ ತಂದ ಬೀಗ! ಪಂಚೆ ಎತ್ತಿ ಕಟ್ಟಿ, ಗೇಟು ಹತ್ತಿ ಆ ಕಡೆಗೆ ಧುಮುಕಿದ.

ಧುಮುಕಿದ್ದು ಮುಳ್ಳಿನ ಮೇಲೆ. ಅವನು "ಅಯ್ಯಯ್ಯೋ!" ಅನ್ನುವುದಕ್ಕೂ ಮುಖಕ್ಕೆ ಫಳ್ಳನೆ ದೀಪ ಹೊಡೆಯುವುದಕ್ಕೂ ಸರಿಹೋಯಿತು.

"ಏಯ್ ಹಂದೀ! ಬಂದ್ಯಾ?"

"ರಂಜೀ, ನಾನು ಕಣೇ! ಬಾಗ್ಲು ತೆಗಿಯೇ!"

"ಇವತ್ತು ನಿನ್ನ ಸೊಂಟ ಮುರೀದೆ ಬುಡಾಕಿಲ್ಲ!"

"ಲೇ ರಂಜೀ! ನಿನ್ನ ಗಂಡ ಕಣೇ!"

ಒಳಗಿನಿಂದ ರಂಜಿತಳ ಧ್ವನಿ ಬಂತು. ನಡುಗುತ್ತಿದ್ದರೂ ಗಟ್ಟಿಯಾಗೇ ಇತ್ತು. "ನಮ್ಮನೆಯೋರು ಹೊಲ್ದಲ್ಲಿ ಅವ್ರೆ! ಈಗ್ತಾನೆ ಫೋನ್ ಮಾಡ್ದೆ, ಎತ್ಲಿಲ್ಲ, ನೀರು ಕಟ್ತಾವ್ರೆ! ಆರು ಗಂಟೆಗೆ ಮುಂಚೆ ಬಂದೋನು ಅವ್ರಲ್ಲ ಅಂತ ಅವ್ರೇ ಹೇಳಿ ಓಗವ್ರೆ!"

ಅಷ್ಟರಲ್ಲಿ ಬೀದಿಯೇ ಎದ್ದಿತ್ತು. ಮೈಕಿನಲ್ಲಿ ಹಂದಿ ಹಂದಿ ಎಂದು ಕೂಗಿದರೆ ಅರಕೆರೆಯಲ್ಲಿ ಯಾರು ತಾನೇ ಸುಮ್ಮನೆ ಮಲಗಿರುತ್ತಾರೆ? ಎದುರು ಮನೆಯ ದೇವಯ್ಯ ದೊಣ್ಣೆ ಹಿಡಿದು ಮುಂದೆ, ಬ್ಯಾಟರಿ ಹಿಡಿದ ಎಂಟು ಹತ್ತು ಜನ ಹಿಂದೆ, ಗೇಟಿನ ಮುಂದೆ ಸೇರಿಬಿಟ್ಟರು.

"ಎಲ್ಲಿ? ಎಲ್ಲೈತೆ ಹಂದಿ?" ಎಂದು ದೇವಯ್ಯ ದೊಣ್ಣೆ ಎತ್ತಿದ.

"ದೊಡ್ಡಪ್ಪಾ, ನಾನು ಕಣ್ ದೊಡ್ಡಪ್ಪಾ, ಧರ್ಮ! ಹಂದಿ ಹೊಲ್ದಲ್ಲೈತೆ!"

"ಮತ್ತೆ ಇಲ್ಯಾಕ್ಲಾ ಕೂಗ್ತಿದ್ದೀಯ?"

"ಕೂಗ್ತಿರೋದು ನಾನಲ್ಲ!"

"ಯಾರಪ್ಪನ ಮನೆ ಕಬ್ಬು ಅಂದ್ಕಂಡೆ?" ಎಂದು ಅವನದೇ ಧ್ವನಿ ಅವನ ನೆತ್ತಿಯ ಮೇಲೆ ಗುಡುಗಿತು. ಜನ ಅಲುಗಾಡಿದಷ್ಟೂ ಪೆಟ್ಟಿಗೆ ಕೂಗುತ್ತಿತ್ತು, ಪೆಟ್ಟಿಗೆ ಕೂಗಿದಷ್ಟೂ ಜನ ಸೇರುತ್ತಿದ್ದರು!

ಆಗ ಮನೆಯ ಹಿಂಬದಿಯ ಮೂಲೆಯ ಕತ್ತಲೊಳಗಿಂದ ಒಂದು ಪುಟ್ಟ ಧ್ವನಿ ಕೇಳಿಸಿತು.

"ಅಪ್ಪಾ, ಅಲ್ಲ್ಯಾಕೆ ನಿಂತಿದ್ದೀಯ? ಹಿಂದ್ಲು ಬಾಗ್ಲು ದಾರ ಎಳೆದ್ರೆ ಬತ್ತದೆ. ಇಲ್ಲಿಂದ ಬಾ!"

ಧರ್ಮೇಂದ್ರ ಸರಕ್ಕನೆ ತಿರುಗಿದ. ಕತ್ತಲಲ್ಲಿ ಒಬ್ಬಳೇ ಮಗಳು! ಮುಳ್ಳು, ಪಂಚೆ ಯಾವುದನ್ನೂ ಲೆಕ್ಕಿಸದೆ ಓಡಿದ. ಮಾನವಂತ ಕಳ್ಳರು ಕಾಲಿಡದ ಆ ತಿಪ್ಪೆಯಲ್ಲಿ ಮೊಣಕಾಲಿನವರೆಗೂ ಇಳಿದು, ಅಲ್ಲಿಂದ ಎದ್ದು, ಮಗಳನ್ನು ಎತ್ತಿಕೊಂಡ.

"ಹೆದ್ರಿಕೆ ಆಗ್ಲಿಲ್ವಾ ಮಗಾ?"

"ನೀನು ಬೈತಿದ್ದಲ್ಲ, ಕೇಳಿಸ್ತು. ಅದ್ಕೇ ಬಂದೆ."

ಧರ್ಮೇಂದ್ರನ ಕಣ್ಣು ತುಂಬಿತು, ಎದೆ ಉಬ್ಬಿತು. ಕಳ್ಳ ಎತ್ಕೊಂಡೋಯ್ತಾನಾ ಅಂತ ಕೇಳುತ್ತಿದ್ದ ಮಗಳು ಅಪ್ಪನ ಧ್ವನಿ ಕೇಳಿ ಕತ್ತಲಿಗೆ ಬಂದಿದ್ದಳು! ಆ ಹೆಮ್ಮೆಯಲ್ಲಿ ಅವನಿಗೆ ತಾನು ಯಾವ ಅವತಾರದಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯವರೆಲ್ಲ ನೋಡಲೆಂದು ಅಂಗಳಕ್ಕೆ ಬಂದ. ಆ ಹೊತ್ತಿಗೆ ರಂಜಿತ ಮಗಳ ಮಾತು ಕೇಳಿ ಮುಂಬಾಗಿಲು ತೆಗೆದು, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಫಳ್ಳನೆ ದೀಪ ಹತ್ತಿತು. "ಏಯ್ ಹಂದೀ! ಬಂದ್ಯಾ?"

ಸಂಘಮಿತ್ರಾಳಿಗೆ ಸಿಟ್ಟು ಬಂತು. ಪೆಟ್ಟಿಗೆಯ ಕಡೆಗೆ ಬೆರಳು ತೋರಿಸಿ ಗದರಿಸಿದಳು. "ಏ, ಸುಮ್ಕಿರು! ಇದು ಹಂದಿ ಅಲ್ಲ, ನಮ್ಮಪ್ಪ!"

ದೇವಯ್ಯ ಪಕ್ಕದವನ ಕೈಯಿಂದ ಬ್ಯಾಟರಿ ಇಸಿದುಕೊಂಡು ಅದರ ಬೆಳಕನ್ನು ಧರ್ಮೇಂದ್ರನ ಹರಿದ ಪಂಚೆಯಿಂದ ಸಗಣಿ ಮೆತ್ತಿದ ಕಾಲಿನವರೆಗೆ ನಿಧಾನವಾಗಿ ಆಡಿಸಿ ದೊಣ್ಣೆ ಇಳಿಸಿದ.

"ಮಗ ಹೇಳ್ತು ಅಂತ ನಂಬ್ತೀವಿ ಕಣ್ಲಾ ಧರ್ಮ. ನೋಡಿದ್ರೆ ಗೊತ್ತಾಗೋ ಅಂಗಿರ್ಲಿಲ್ಲ."