ಕಸಕ್ಕೆ ಹೋದ ಇದ್ದಿಲು ಡಬ್ಬಿಗೊಂದು ಮನವಿ

ಮಾನ್ಯ ಇದ್ದಿಲು ಡಬ್ಬಿಯವರೇ,

ತಾವು ಈಗ ಯಾವ ಕಸದ ಗುಂಡಿಯಲ್ಲಿ ವಿರಾಜಮಾನರಾಗಿದ್ದೀರೋ ತಿಳಿಯದು. ಎಲ್ಲಿದ್ದರೂ ಅರಿಜೋನಾ ಮರುಭೂಮಿಯ ಈ ಚಳಿಗಾಲದ ಬಿಡಾರದಿಂದ ವರ್ಡನ್ ಸ್ಟಕಿ ಎಂಬ ಪಾಮರನ ಸಾಷ್ಟಾಂಗ ನಮಸ್ಕಾರಗಳನ್ನು ಸ್ವೀಕರಿಸಬೇಕು. ನಮ್ಮ ಎಪ್ಪತ್ತೆಂಟನೇ ಇಸವಿಯ, ಚಕ್ರದ ಮೇಲಿನ ಮನೆಯಾದ ಮೋಟಾರ್‌ಹೋಮಿನಲ್ಲಿ ತೆಪ್ಪಗೆ ಕೂತು, ಟ್ಯಾಂಕಿನಿಂದೇಳುವ ಪೆಟ್ರೋಲ್ ಆವಿಯನ್ನೆಲ್ಲ ನುಂಗಿ, ಮತ್ತೆ ಎಂಜಿನ್ನಿಗೇ ಉಣಿಸುತ್ತಿದ್ದ ತಮ್ಮನ್ನು ನಾನು ಒಂದು ದಿನವೂ ಮಾತಾಡಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ.

ನಮ್ಮ ಬಿಡಾರದಲ್ಲಿ ಯಾರದೇ ಎಂಜಿನ್ನಿನ ಮುಚ್ಚಳ ಎತ್ತಿದರೂ ಸಾಕು, ಕಾಫಿ ಲೋಟ ಹಿಡಿದ ಪಂಡಿತರು ನೊಣದಂತೆ ಮುತ್ತುತ್ತಾರೆಂಬುದು ತಮಗೆ ಗೊತ್ತೇ ಇದೆ. ಗುಡ್ಡ ಹತ್ತುವಾಗ ಬಂಡಿ ಏದುಸಿರು ಬಿಡುತ್ತದೆಂದು ನಾನು ಗೊಣಗಿದ್ದೇ ತಡ, ಪಕ್ಕದ ಬಂಡಿಯ ಬರ್ಲ್ ಟಿಲ್ಸನ್, "ಅಯ್ಯೋ ಮಾರಾಯ, ಹೊಗೆ ಕಡಿಮೆ ಮಾಡೋಕೆ ಅಂತ ಸರ್ಕಾರದೋರು ಎಂಜಿನ್ನಿನ ಕತ್ತಿಗೆ ಕಟ್ಟಿರೋ ಹಗ್ಗ ಇವೆಲ್ಲ! ಕಿತ್ತು ಬಿಸಾಕು, ಕುದುರೆ ಥರ ಓಡುತ್ತೆ" ಎಂದ. ಕಿತ್ತೆ. ಗಾಳಿ ಪಂಪು ಹೋಯಿತು, ವಾಲ್ವು ಹೋಯಿತು, ಕೊನೆಗೆ ತಾವು. ಕೊಳವೆಗಳು ಅದಲುಬದಲಾಗದಿರಲೆಂದು ಹೆಂಡತಿ ಆರ್ವೆಲ್ಲಾಳ ಗುಲಾಬಿ ಉಗುರುಬಣ್ಣದಲ್ಲಿ ನಾನೇ ಹಿಂದೊಮ್ಮೆ ತಮ್ಮ ನೆತ್ತಿಗಿಟ್ಟಿದ್ದ ಬೊಟ್ಟು ಕಂಡು ಕೈ ತಡೆಯಿತು, ನಿಜ. "ಕೊಡು ಇಲ್ಲಿ, ಕಸದ ತೊಟ್ಟಿಗೆ ನಾನೇ ಹಾಕ್ತೀನಿ, ನಿಂಗ್ಯಾಕೆ ತೊಂದರೆ" ಎಂದು ಬರ್ಲ್ ತಮ್ಮನ್ನು ಎತ್ತಿಕೊಂಡು ಹೋದ. ಎಂಥ ಉಪಕಾರಿ!

ತಾವು ಬಿಟ್ಟುಹೋದ ಕೊಳವೆ ಬಾಯಿ ತೆರೆದುಕೊಂಡು ಅಲ್ಲೇ ನೇತಾಡುತ್ತಿತ್ತು. ಇಂಥ ಹಳೆಯ ಬಂಡಿಗಳಲ್ಲಿ ಎಂಜಿನ್ನು ಹೊರಗಿರುವುದಿಲ್ಲ, ಮುಂದಿನ ಎರಡು ಸೀಟುಗಳ ನಡುವೆ ಮುಚ್ಚಳ ಹೊದ್ದು ಮನೆಯವರಂತೆ ಒಳಗೇ ಕೂತಿರುತ್ತದೆ. ಪೇಟೆಯಿಂದ ಬರುವಾಗ ಆ ಬೆಚ್ಚನೆಯ ಮುಚ್ಚಳದ ಮೇಲೆ ಬೆಣ್ಣೆಯಿಟ್ಟು, ಮೆದುವಾದ ಮೇಲೆ ಕೇಕಿಗೆ ಕಲಸುವುದು ಆರ್ವೆಲ್ಲಾಳ ಪದ್ಧತಿ. ಬೆಣ್ಣೆಯೋ, ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಹೀರುವ ಜಾತಿ. ಅವಳಿಗೆ ಅಂದು ನೆಗಡಿ. ನನ್ನ ಮೂಗಿಗೆ ಬಡಿದದ್ದನ್ನು ನಾನು ಶಕ್ತಿಯ ಪರಿಮಳ ಎಂದುಕೊಂಡೆ.

ಬಿಡಾರದ ಕೇಕ್ ಸ್ಪರ್ಧೆಯಲ್ಲಿ ವರ್ಷ ವರ್ಷವೂ ಬರ್ಲನ ಹೆಂಡತಿ ಥೆಲ್ಡಾಳಿಗೆ ಸೋಲುತ್ತಿದ್ದವಳು, ಈ ಸಲ ಗೆದ್ದೇ ಗೆಲ್ಲುತ್ತೇನೆಂದು ಹೊರಟಿದ್ದಳು. ತೀರ್ಪುಗಾರರಾದ ಪಾದ್ರಿ ಆರಿನ್ ಒಂದು ತುತ್ತು ಬಾಯಿಗಿಟ್ಟು, "ತಾಯೀ, ಇದಕ್ಕೆ ಹಾಕಿರೋದು ಸಾದಾ ಪೆಟ್ರೋಲೋ, ಪ್ರೀಮಿಯಮ್ಮೋ?" ಎಂದರು. ಬಿಡಾರಕ್ಕೆ ಬಿಡಾರವೇ ನಕ್ಕಿತು. ಆರ್ವೆಲ್ಲಾ ನಗಲಿಲ್ಲ. "ಆ ಡಬ್ಬಿ ವಾಪಸ್ ಬರೋವರೆಗೂ ನಾನೂ ಬರಲ್ಲ. ನೀನೂ ನಿನ್ನ ಕುದುರೇನೂ ಸುಖವಾಗಿರಿ" ಎಂದು, ನಾಯಿಯನ್ನೂ ಕರೆದುಕೊಂಡು ತಂಗಿಯ ಬಂಡಿ ಸೇರಿದ್ದಾಳೆ. ಅವಳಿಲ್ಲದ ಬಂಡಿ ಗುಡ್ಡ ಹತ್ತಿದರೆಷ್ಟು, ಬಿಟ್ಟರೆಷ್ಟು ಸ್ವಾಮಿ? ಅಂದ ಹಾಗೆ ಅದು ಈಗಲೂ ಹತ್ತುವುದಿಲ್ಲ; ಮೊದಲು ಬರೀ ಏದುಸಿರು ಬಿಡುತ್ತಿತ್ತು, ಈಗ ಟಕಟಕ ಎಂದು ಬಯ್ಯುತ್ತದೆ.

ಆದ್ದರಿಂದ ತಾವು ದಯಮಾಡಿ ಆ ಗುಂಡಿಯಿಂದೆದ್ದು, ಮೈ ಕೊಡವಿಕೊಂಡು, ಹೆದ್ದಾರಿಯಲ್ಲಿ ಯಾವುದಾದರೂ ಲಾರಿಗೆ ಕೈ ಅಡ್ಡ ಹಿಡಿದು ಕೂಡಲೇ ಹೊರಟು ಬರಬೇಕು. ಬೇಕಾದರೆ ನನ್ನ ಸೀಟನ್ನು ತಮಗೇ ಬಿಟ್ಟುಕೊಟ್ಟು, ಎಂಜಿನ್ ಪಕ್ಕ ಕೂತು ಆವಿಯನ್ನು ನಾನೇ ಕುಡಿಯುತ್ತೇನೆ.

ತಡವಾಗಿ ಬುದ್ಧಿ ಬಂದಿರುವ ತಮ್ಮ ವಿಶ್ವಾಸಿ,
ವರ್ಡನ್ ಸ್ಟಕಿ

ಮರೆತ ಮಾತು: ಪತ್ರ ಮಡಿಸಿಟ್ಟು, ತಮ್ಮನ್ನು ಕಳಚಲು ಬರ್ಲ್ ಕೊಟ್ಟಿದ್ದ ಸ್ಪ್ಯಾನರ್ ಹಿಂದಿರುಗಿಸಲು ಹೋದೆ. ಅವನಿರಲಿಲ್ಲ, ಬಂಡಿಯ ಬಾಗಿಲು ತೆರೆದಿತ್ತು, ಎಂಜಿನ್ನಿನ ಮುಚ್ಚಳವೂ. ಆ ಕತ್ತಿನ ಹಗ್ಗಗಳೆಲ್ಲ, ಪಂಪು, ವಾಲ್ವು, ಒಂದೂ ಬಿಡದೆ ಫಳಫಳ ಹೊಳೆಯುತ್ತಿದ್ದವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಅವನ ಇದ್ದಿಲು ಡಬ್ಬಿ ಒಡೆದು ಕೆಳಗೆ ಬಿದ್ದಿತ್ತು; ಅದರ ಜಾಗದಲ್ಲಿ, ನೆತ್ತಿಯ ಮೇಲೆ ಗುಲಾಬಿ ಬೊಟ್ಟಿಟ್ಟುಕೊಂಡು ಸುಖಾಸೀನರಾಗಿದ್ದವರು ತಾವೇ. ನಾನು ಜಗಳಗಂಟನಲ್ಲ, ಆರ್ವೆಲ್ಲಾಳಿಗೆ ಮಾತ್ರ ಹೇಳಿದೆ. ತಮ್ಮನ್ನು ಕರೆತರಲು ಖುದ್ದು ಅವಳೇ ಹೊರಟಿದ್ದಾಳೆ. ಸ್ಪ್ಯಾನರ್ ಕೊಡಹೋದರೆ ಬೇಡವೆಂದಳು. ಕೈಯಲ್ಲಿ ಕಬ್ಬಿಣದ ಬಾಣಲೆ ಇದೆ.